ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣುವುದು ಯಾವಾಗ?



ವೈದ್ಯಕೀಯ ನೆರವು ಕೋರಿ ಸಂಘಕ್ಕೆ ಬರುವವರನ್ನು ನಾನು ‘ನಿದ್ದೆ ಹೇಗಿದೆ?’ ಎಂದೂ ಕೇಳುತ್ತೇನೆ. ‘ಮುಂಬಯಿಯಲ್ಲಿ ಇದೆಲ್ಲ ಮಾಮೂಲಿ’ ಎನ್ನುವವರೇ ಹೆಚ್ಚು. ಆದರೆ ಮಲಗಲು ಸಮಯವಿದ್ದೂ ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ನಿದ್ದೆ ಕೆಟ್ಟು, ಹಗಲಿನ ಕೆಲಸಕ್ಕೂ ತೊಂದರೆಯಾದರೆ ಅದು ದೀರ್ಘಕಾಲದ ನಿದ್ರಾಹೀನತೆ. ಅಧಿಕ ರಕ್ತದೊತ್ತಡ, ಮಧುಮೇಹ, ಖಿನ್ನತೆಯ ಅಪಾಯ ಹೆಚ್ಚುತ್ತದೆ. ವೈದ್ಯರನ್ನು ಕಾಣಿ.

ಮೆಡಿಕಲ್ ಅಂಗಡಿಯಲ್ಲಿ ನೀವೇ ಕೇಳಿ ತಂದ ನಿದ್ದೆ ಮಾತ್ರೆ ಚಟವಾದೀತು. ಮಲಗುವ ಅಭ್ಯಾಸವನ್ನೂ ಚಿಂತೆಯನ್ನೂ ಸರಿಪಡಿಸುವ ಸಮಾಲೋಚನೆಯೇ ಮೊದಲ ಚಿಕಿತ್ಸೆ.

ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ 3 ತಿಂಗಳು ಕಾಯಬೇಡಿ. ಬದುಕೇ ಬೇಡವೆನಿಸಿದರೆ ಆ ರಾತ್ರಿಯೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ವೈದ್ಯರ ಶುಲ್ಕ ಹೊರೆಯಾದರೆ ಸಂಕೋಚ ಬಿಟ್ಟು ಸಂಘಕ್ಕೆ ತಿಳಿಸಿ. ದಾನಿಗಳು ಕೈಜೋಡಿಸಿರುವುದೇ ಅದಕ್ಕಾಗಿ.