ಸಂಜೆಯ ಆಹಾರ ಮತ್ತು ಮಧುಮೇಹ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ನಮ್ಮ ಹಿರಿಯರ ಮಾತು. ಊಟವನ್ನು ಬಲ್ಲವನೆಂದರೆ ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದನ್ನು ಬಲ್ಲವನು ಎಂದು ನಾವು ಸಾಮಾನ್ಯವಾಗಿ ಅರ್ಥಮಾಡುತ್ತೇವೆ. ಯಾವಾಗ ಉಣ್ಣಬೇಕು ಎಂಬ ಮೂರನೆಯ ಪ್ರಶ್ನೆಯೂ ಅಷ್ಟೇ ಮುಖ್ಯವಾದುದೆಂದು ಈಚಿನ ಸಂಶೋಧನೆಗಳು ತೋರಿಸಿಕೊಟ್ಟಿವೆ. ಮಧುಮೇಹಿಗಳ ಮಟ್ಟಿಗಂತೂ ಸಂಜೆ ನಾಲ್ಕರಿಂದ ಮಲಗುವವರೆಗಿನ ಅವಧಿಯೇ ಹಗಲಿನ ಪಥ್ಯವನ್ನೆಲ್ಲ ಕೆಡಿಸುವ ಹೊತ್ತಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ. ಹಳ್ಳಿಗಳಿಗಿಂತ ಪಟ್ಟಣಗಳಲ್ಲಿ ಇದರ ಹಾವಳಿ ಹೆಚ್ಚು. ಉದ್ಯೋಗವನ್ನರಸಿ ಊರು ಬಿಟ್ಟು ಬಂದು ನಾಸಿಕದ ಅಂಬಡ್, ಸಾತ್ಪುರಗಳಂಥ ಕೈಗಾರಿಕಾ ವಸಾಹತುಗಳಲ್ಲಿ ದುಡಿಯುವ ಕನ್ನಡಿಗರಿಗೆ ಈ ವಿಷಯ ತೀರ ಹತ್ತಿರದ್ದು. ಪಾಳಿಯ ದುಡಿಮೆಯಲ್ಲಿ ಊಟದ ವೇಳೆಯನ್ನು ಗೊತ್ತುಮಾಡುವುದು ಹಸಿವಲ್ಲ, ಕಾರ್ಖಾನೆಯ ಗಡಿಯಾರ.

ಸಂಜೆಯಾದಂತೆ ದೇಹದಲ್ಲಿ ಆಗುವುದೇನು?

ನಾವು ಉಂಡ ಅನ್ನ, ರೊಟ್ಟಿ, ಹಣ್ಣುಗಳಲ್ಲಿರುವ ಶರ್ಕರಪಿಷ್ಟವು ಜೀರ್ಣವಾಗಿ ಗ್ಲೂಕೋಸಿನ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ಈ ಗ್ಲೂಕೋಸ್ ಜೀವಕೋಶಗಳನ್ನು ಸೇರಲು ನೆರವಾಗುತ್ತದೆ. ಆದರೆ ಇನ್ಸುಲಿನ್ನಿನ ಈ ಕೆಲಸ ದಿನವಿಡೀ ಒಂದೇ ಸಮನಾಗಿ ನಡೆಯುವುದಿಲ್ಲ. ನಮ್ಮ ಒಂದೊಂದು ಅಂಗದಲ್ಲಿಯೂ ಹಗಲು-ರಾತ್ರಿಗಳನ್ನು ಅನುಸರಿಸುವ ಜೈವಿಕ ಗಡಿಯಾರವೊಂದಿದೆ. ಇದರ ಯಾಂತ್ರಿಕತೆಯನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬೆಳಿಗ್ಗೆ ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುವ ದೇಹವು ಸಂಜೆಯಾದಂತೆ ಮಂದವಾಗುತ್ತದೆ. ಕತ್ತಲಾದ ಮೇಲೆ ಮೆದುಳಿನಲ್ಲಿ ಉತ್ಪತ್ತಿಯಾಗುವ ಮೆಲಟೋನಿನ್ ನಿದ್ರೆಗೆ ಸಹಾಯಕವಾದರೂ ಇನ್ಸುಲಿನ್ ಸ್ರಾವವನ್ನು ತುಸು ತಗ್ಗಿಸಬಲ್ಲದು. ಹೀಗಾಗಿ ಬೆಳಿಗ್ಗೆ ತಿಂದ ಎರಡು ಚಪಾತಿಗಳಿಗಿಂತ ರಾತ್ರಿ ಹತ್ತಕ್ಕೆ ತಿಂದ ಅವೇ ಎರಡು ಚಪಾತಿಗಳು ಸಕ್ಕರೆಯನ್ನು ಹೆಚ್ಚು ಏರಿಸುವ ಸಂಭವವಿದೆ.

2020ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತರಾದ 20 ಮಂದಿಗೆ ಒಂದೇ ಬಗೆಯ ಊಟವನ್ನು ಒಂದು ದಿನ ಸಂಜೆ 6ಕ್ಕೂ ಇನ್ನೊಂದು ದಿನ ರಾತ್ರಿ 10ಕ್ಕೂ ಬಡಿಸಿ ಪರೀಕ್ಷಿಸಲಾಯಿತು. ತಡವಾಗಿ ಉಂಡಾಗ ರಕ್ತದ ಸಕ್ಕರೆಯ ಗರಿಷ್ಠ ಮಟ್ಟ ಸುಮಾರು ಶೇ. 18ರಷ್ಟು ಹೆಚ್ಚಿತ್ತು. ಆರೋಗ್ಯವಂತರ ಗತಿಯೇ ಹೀಗಾದರೆ, ಇನ್ಸುಲಿನ್ನಿನ ಕೊರತೆಯುಳ್ಳವರ ಪಾಡನ್ನು ಊಹಿಸಬಹುದು. ಸೂರ್ಯಾಸ್ತಕ್ಕೆ ಮುನ್ನವೇ ಉಣ್ಣುವ ಜೈನರ ಪದ್ಧತಿಯ ಮೂಲ ಅಹಿಂಸೆಯಲ್ಲಿದೆಯಾದರೂ, ಅದು ದೇಹಧರ್ಮಕ್ಕೂ ಒಪ್ಪುವಂಥದೆಂಬುದು ಗಮನಾರ್ಹ.

ಸಂಜೆಯ ತಿಂಡಿ

ಅನೇಕರು ಮಧ್ಯಾಹ್ನ ಕಟ್ಟುನಿಟ್ಟಾಗಿ ಉಂಡು, ಸಂಜೆ ಚಹದ ಜೊತೆ ವಡಾಪಾವ್, ಬಜ್ಜಿ, ಚಕ್ಕುಲಿ, ಬಿಸ್ಕತ್ತುಗಳನ್ನು ಲೆಕ್ಕವಿಲ್ಲದೆ ತಿನ್ನುತ್ತಾರೆ. ಇದನ್ನು ಊಟವೆಂದು ಅವರು ಎಣಿಸುವುದೇ ಇಲ್ಲ. ಎರಡು ಚಮಚ ಸಕ್ಕರೆ ಬೆರೆಸಿದ ಒಂದು ಲೋಟ ಚಹದಿಂದ 8ರಿಂದ 10 ಗ್ರಾಂ ಸಕ್ಕರೆ ಒಳಹೋಗುತ್ತದೆ. ಇಂಥ ನಾಲ್ಕು ಲೋಟಗಳಾದರೆ ಎರಡು ಫುಲ್ಕಾಗಳನ್ನು ಮೀರಿದ ಶರ್ಕರಪಿಷ್ಟವಾಯಿತು. ನಾಸಿಕವು ದ್ರಾಕ್ಷಿಯ ನಾಡು. ಸುಗ್ಗಿಯಲ್ಲಿ ಮನೆಮನೆಗೂ ಬುಟ್ಟಿ ಬರುತ್ತದೆ. ಸುಮಾರು ಹದಿನೈದು ದ್ರಾಕ್ಷಿಗಳು ಒಂದು ಫುಲ್ಕಾಕ್ಕೆ ಸಮ ಎಂಬುದನ್ನು ನೆನಪಿನಲ್ಲಿಟ್ಟರೆ ಸಾಕು, ಹಣ್ಣನ್ನು ಪೂರ್ಣವಾಗಿ ತ್ಯಜಿಸಬೇಕಾಗಿಲ್ಲ.

ಹಸಿವಾದಾಗ ಹುರಿಗಡಲೆ, ಮೊಳಕೆ ಬರಿಸಿದ ಹೆಸರುಕಾಳಿನ ಕೋಸಂಬರಿ, ಒಂದು ಹಿಡಿ ಶೇಂಗಾ, ಸೌತೆಕಾಯಿ, ಸಕ್ಕರೆಯಿಲ್ಲದ ಮಜ್ಜಿಗೆ ಇವು ಉತ್ತಮ. ಇವುಗಳಲ್ಲಿನ ನಾರು ಮತ್ತು ಸಸಾರಜನಕ ಹಸಿವನ್ನು ತಡೆಯುತ್ತವೆ; ರಾತ್ರಿಯ ಊಟದ ಮೇಲೆ ಮುಗಿಬೀಳುವ ಪ್ರಸಂಗವೂ ತಪ್ಪುತ್ತದೆ.

ರಾತ್ರಿಯ ಊಟ

ರಾತ್ರಿಯ ಊಟ ಮಲಗುವುದಕ್ಕೆ ಎರಡು-ಮೂರು ಗಂಟೆ ಮೊದಲೇ ಮುಗಿದಿರಬೇಕು. ಮೂರು ಹೊತ್ತಿನ ಆಹಾರದಲ್ಲಿ ಇದು ಹಗುರವಾದುದಾಗಿರಬೇಕು. ಮೊದಲು ಪಲ್ಯ, ಕೋಸಂಬರಿ, ಬೇಳೆ ಅಥವಾ ಕಾಳುಗಳನ್ನು ತಿಂದು ಅನಂತರ ರೊಟ್ಟಿ-ಅನ್ನಗಳಿಗೆ ಕೈಹಾಕಿದರೆ ಸಕ್ಕರೆಯ ಏರಿಕೆ ನಿಧಾನವಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕಾಗಿದೆ. ‘ಅನ್ನ ಬಿಟ್ಟು ಮುದ್ದೆ ಉಂಡರೆ ಸಕ್ಕರೆ ಏರುವುದಿಲ್ಲ’ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ರಾಗಿ-ಜೋಳಗಳಲ್ಲಿ ನಾರಿನಂಶ ಹೆಚ್ಚೆಂಬುದು ನಿಜ. ಆದರೆ ನೂರು ಗ್ರಾಂ ರಾಗಿಯಲ್ಲಿಯೂ ಶರ್ಕರಪಿಷ್ಟ ಎಪ್ಪತ್ತು ಗ್ರಾಮಿನ ಆಸುಪಾಸಿನಲ್ಲಿದೆ. ಮುದ್ದೆಯ ಗಾತ್ರಕ್ಕೂ ಭಾಕರಿಯ ಸಂಖ್ಯೆಗೂ ಮಿತಿ ಬೇಕೇ ಬೇಕು.

ಉಂಡೊಡನೆ ಮಂಚ ಸೇರುವ ಬದಲು ಹತ್ತು ನಿಮಿಷ ನಡೆಯುವುದರಿಂದ ಆಗುವ ಉಪಕಾರ ದೊಡ್ಡದು. ನಡೆಯುವ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ತಾವೇ ಹೀರಿಕೊಳ್ಳುತ್ತವೆ. ನ್ಯೂಜಿಲೆಂಡಿನಲ್ಲಿ 41 ಮಧುಮೇಹಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೊಮ್ಮೆ ಅರ್ಧ ಗಂಟೆ ನಡೆಯುವುದಕ್ಕಿಂತ ಪ್ರತಿ ಊಟದ ಬಳಿಕ ಹತ್ತು ನಿಮಿಷ ನಡೆಯುವುದು ಮೇಲೆಂದು ಕಂಡುಬಂದಿತು. ರಾತ್ರಿಯ ಊಟದ ನಂತರವಂತೂ ಸಕ್ಕರೆ ಶೇ. 22ರಷ್ಟು ಕಡಿಮೆಯಿತ್ತು.

ಪಾಳಿಯಲ್ಲಿ ದುಡಿಯುವವರು

ಬೇಗ ಉಣ್ಣಿರೆಂಬ ಉಪದೇಶ ಎರಡನೆಯ ಪಾಳಿಯವರಿಗೆ ಹೇಗೆ ಹೊಂದೀತು? ಮಧ್ಯಾಹ್ನ ಮನೆ ಬಿಟ್ಟವರು ಮರಳುವಾಗ ನಡುರಾತ್ರಿ ಸಮೀಪಿಸಿರುತ್ತದೆ. ಮನೆಯಾಕೆ ಪ್ರೀತಿಯಿಂದ ಬಿಸಿ ಅನ್ನ-ಸಾರು ಬಡಿಸುತ್ತಾಳೆ. ಉಂಡವರು ಹಾಗೆಯೇ ಮಲಗುತ್ತಾರೆ. ವರ್ಷಗಟ್ಟಲೆ ಈ ಕ್ರಮ ನಡೆದರೆ ಅದರ ಬೆಲೆಯನ್ನು ಕಣ್ಣು, ಮೂತ್ರಪಿಂಡ, ಪಾದದ ನರಗಳು ತೆರಬೇಕಾಗಬಹುದು. ಇಂಥವರು ಕೆಲಸಕ್ಕೆ ಹೊರಡುವ ಮುನ್ನ ದಿನದ ಮುಖ್ಯ ಊಟವನ್ನು ಮುಗಿಸುವುದು ಮೇಲು. ಸಂಜೆಯ ವಿರಾಮದಲ್ಲಿ ಮನೆಯಿಂದ ತಂದ ಬುತ್ತಿಯನ್ನು ರಾತ್ರಿಯ ಊಟವೆಂದೇ ಉಣ್ಣಬೇಕು. ಮನೆಗೆ ಬಂದ ಮೇಲೆ ಹಸಿವಿದ್ದರೆ ಮಜ್ಜಿಗೆಯೋ ಒಂದಿಷ್ಟು ತರಕಾರಿಯೋ ಸಾಕು. ರಾತ್ರಿಪಾಳಿಯವರು ಕೆಲಸಕ್ಕೆ ಮೊದಲೇ ಉಂಡು, ನಡುರಾತ್ರಿಯಿಂದ ಬೆಳಗಿನವರೆಗೆ ಹಗುರವಾದುದನ್ನಷ್ಟೇ ಸೇವಿಸುವುದು ಒಳ್ಳೆಯದು.

ಆದರೆ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಗುಳಿಗೆಗಳನ್ನು ಸೇವಿಸುವವರಿಗೂ ಒಂದು ಎಚ್ಚರಿಕೆ ಅಗತ್ಯ. ಇವರು ಊಟದ ವೇಳೆಯನ್ನಾಗಲಿ ಪ್ರಮಾಣವನ್ನಾಗಲಿ ತಾವಾಗಿಯೇ ಬದಲಿಸಕೂಡದು. ವೈದ್ಯರಿಗೆ ಪಾಳಿಯ ವೇಳೆಯನ್ನು ತಿಳಿಸಿ ಔಷಧದ ಹೊತ್ತನ್ನೂ ಜೊತೆಗೇ ಹೊಂದಿಸಿಕೊಳ್ಳಬೇಕು.

ಊಟ ಬಿಡುವುದು ಅಪಾಯ

ಬೆಳಗಿನ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚಿದೆಯೆಂದು ರಾತ್ರಿಯ ಊಟವನ್ನೇ ಬಿಟ್ಟು, ಮದ್ದನ್ನು ಮಾತ್ರ ಎಂದಿನಂತೆ ತೆಗೆದುಕೊಳ್ಳುವವರುಂಟು. ಇದರಿಂದ ನಿದ್ರೆಯಲ್ಲಿ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದು ಪ್ರಾಣಕ್ಕೇ ಸಂಚಕಾರ ಒದಗಬಹುದು. ಬೆವರು, ನಡುಕ, ಎದೆಬಡಿತ, ವಿಪರೀತ ಹಸಿವು, ಮಂಕು, ದುಃಸ್ವಪ್ನ ಇವು ಅದರ ಲಕ್ಷಣಗಳು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷಗಳಲ್ಲಿ ಚೇತರಿಕೆ ಕಾಣದಿದ್ದರೆ ಮತ್ತೊಮ್ಮೆ ಕೊಟ್ಟು, ಸುಧಾರಿಸಿದ ಮೇಲೆ ಏನಾದರೂ ತಿನ್ನಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಮನೆಯವರೆಲ್ಲರೂ ಇದನ್ನು ಅರಿತಿರಬೇಕು.

ಬೆಳಗಿನ ಸಕ್ಕರೆ ಏರಿರುವುದಕ್ಕೆ ರಾತ್ರಿಯ ಊಟವೊಂದೇ ಕಾರಣವಲ್ಲ. ನಸುಕಿನಲ್ಲಿ ಕೆಲವು ಚೋದನಿಕೆಗಳ ಪ್ರೇರಣೆಯಿಂದ ಯಕೃತ್ತು ತನ್ನ ಸಂಗ್ರಹದ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಕೆಲವು ದಿನ ಮಲಗುವಾಗ, ಬೆಳಗಿನ ಜಾವ ಮೂರಕ್ಕೆ ಹಾಗೂ ಎದ್ದೊಡನೆ ಪರೀಕ್ಷಿಸಿ ಬರೆದಿಟ್ಟರೆ ನಿಜಸಂಗತಿ ಹೊರಬೀಳುತ್ತದೆ. ಮಲಗುವಾಗಲೇ ಹೆಚ್ಚಿದ್ದರೆ ದೋಷ ಊಟದ್ದಿರಬಹುದು. ಆಗ ಸರಿಯಿದ್ದು ಬೆಳಿಗ್ಗೆ ಏರಿದ್ದರೆ ಮದ್ದಿನಲ್ಲಿ ಮಾರ್ಪಾಡು ಬೇಕಾಗಬಹುದು. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟ ಆರಂಭಿಸಿದ ಒಂದೆರಡು ಗಂಟೆಗಳಲ್ಲಿ 180ರೊಳಗೆ ಇರುವುದು ತೃಪ್ತಿಕರ. ವೃದ್ಧರಿಗೂ ಗರ್ಭಿಣಿಯರಿಗೂ ಈ ಮಿತಿಗಳು ಬೇರೆ.

ಮಧುಮೇಹಿಗೆಂದು ಪ್ರತ್ಯೇಕ ಅಡಿಗೆ ಮಾಡಬೇಕಾದ ಅಗತ್ಯವಿಲ್ಲ. ಮೇಲೆ ಹೇಳಿದ ಮಿತವಾದ, ಹೊತ್ತಿಗೆ ಸರಿಯಾದ ಊಟ ಮನೆಮಂದಿಗೆಲ್ಲ ಹಿತಕರವೇ. ಮನೆಯವರೆಲ್ಲರೂ ಬೇಗನೆ ಕೂಡಿ ಉಂಡು ಹತ್ತು ನಿಮಿಷ ಬೀದಿಯಲ್ಲಿ ಅಡ್ಡಾಡಿ ಬರುವ ರೂಢಿ ಬೆಳೆದರೆ, ರೋಗಿಗೆ ತಾನೊಬ್ಬನೇ ಪಥ್ಯದಲ್ಲಿದ್ದೇನೆಂಬ ಬೇಸರ ಕಳೆಯುತ್ತದೆ. ಮಕ್ಕಳಿಗೂ ಅದು ಮುಂದೆ ರಕ್ಷೆಯಾಗುತ್ತದೆ.