ಕೈಲಾಸ ಪರಿಕ್ರಮದ ಎರಡನೆಯ ದಿನಕ್ಕೆ ಸಿದ್ಧತೆ
ಕೈಲಾಸ ಪರಿಕ್ರಮದ ಸುಮಾರು 52 ಕಿಲೋಮೀಟರ್ ಹಾದಿಯಲ್ಲಿ ಯಾತ್ರಿಕರನ್ನು ಹೆಚ್ಚು ಬಳಲಿಸುವುದು ಎರಡನೆಯ ದಿನ. ಸುಮಾರು 5,000 ಮೀಟರ್ ಎತ್ತರದ ದಿರಾಪುಕ್‌ನಿಂದ ಹೊರಟು, 5,630 ಮೀಟರ್ ಎತ್ತರದ ದೋಲ್ಮಾ ಲಾ ದಾಟಿ, ಗೌರೀಕುಂಡವನ್ನು ಮೇಲಿನಿಂದಲೇ ದರ್ಶಿಸಿ, ಸಂಜೆಯೊಳಗೆ ಜುತುಲ್‌ಪುಕ್ ಸೇರಬೇಕು. ‘ಲಾ’ ಎಂದರೆ ಟಿಬೆಟನ್ ಭಾಷೆಯಲ್ಲಿ ಪರ್ವತಗಳ ನಡುವಣ ದಾಟುದಾರಿ; ನಮ್ಮವರ ಮಾತಿನಲ್ಲಿ ಘಟ್ಟ.

ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ನಿತ್ಯ ಪ್ರಾಣಾಯಾಮ ಮಾಡುವೆವು, ಬೆಟ್ಟ ಹತ್ತಿ ರೂಢಿಯಿದೆ ಎಂಬ ಧೈರ್ಯದವರನ್ನು ನಾವು ಕಾಣುತ್ತಿರುತ್ತೇವೆ. ಅಭ್ಯಾಸವು ಕಾಲಿಗೆ ಬಲ ಕೊಡುತ್ತದೆ. ಎತ್ತರದ ವ್ಯಾಧಿಯನ್ನು ತಡೆಯದು. ದೇಹ ಒಗ್ಗಲು ದಿನಗಳೇ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು; ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ತಂಗಬೇಕು. ಅಗ್ಗವೆಂದು ಕಡಿಮೆ ದಿನಗಳ ಯಾತ್ರೆ ಆರಿಸುವವರು ಮೊದಲು ಕಳೆದುಕೊಳ್ಳುವುದು ಇದನ್ನೇ.

ತಲೆನೋವು, ವಾಕರಿಕೆ, ಅಗ್ನಿಮಾಂದ್ಯ ಕಂಡರೆ ಮೇಲೇರದೆ ಅಲ್ಲಿಯೇ ನಿಲ್ಲತಕ್ಕದ್ದು. ನಡಿಗೆ ತೂರಾಡಿದರೆ, ಬುದ್ಧಿ ಮಸುಕಾದರೆ, ಕುಳಿತಲ್ಲಿಯೂ ಏದುಸಿರು ಬಂದರೆ, ರಾತ್ರಿಯಾದರೂ ಸರಿ, ದಾರ್ಚೆನ್ ಕಡೆಗೆ ಇಳಿಸಬೇಕು. ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ: ಆಗ ಕಷಾಯ, ಲೇಹ್ಯಗಳನ್ನು ನಂಬಿ ಕಾಲಹರಣ ಮಾಡಬಾರದು. ಅಸೆಟಜೋಲಮೈಡ್ ಮಾತ್ರೆ ಮುಂಜಾಗ್ರತೆಗೆ ಉಪಯುಕ್ತ. ಸಲ್ಫಾ ಔಷಧ ಒಗ್ಗದವರು, ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಸೇವಿಸಬಾರದು. ನಿದ್ರೆಯ ಗುಳಿಗೆ ಸರ್ವಥಾ ಬೇಡ.

ಆ ದಿನ ಸೋಮವಾರವಾದರೂ ಉಪವಾಸ ಸಲ್ಲದು. ಬಿಸಿಗಂಜಿ ಕುಡಿದು ನಸುಕಿನಲ್ಲೇ ಹೊರಡಬೇಕು. ಮಧ್ಯಾಹ್ನದೊಳಗೆ ಘಟ್ಟ ಮುಟ್ಟಲಾಗದವರು ದಿರಾಪುಕ್‌ಗೆ ಹಿಂತಿರುಗುವುದೆಂದು ಹಿಂದಿನ ರಾತ್ರಿಯೇ, ಜೊತೆಯವರೆದುರು, ನಿಶ್ಚಯಿಸಿರಬೇಕು.