ಬಂಡೆಯ ಹುಟ್ಟೂ ಬಾವಿಯ ನೀರೂ

ಬೆಂಗಳೂರಿನ ದಕ್ಷಿಣ ಭಾಗದಲ್ಲಿಯೂ ಅದಕ್ಕೆ ಹೊಂದಿಕೊಂಡ ಗ್ರಾಮಗಳಲ್ಲಿಯೂ ಬಾವಿ ತೋಡಿಸುವವರಲ್ಲಿ ಒಂದು ನಂಬಿಕೆಯು ಬೇರೂರಿರುವುದು. ಎಷ್ಟು ಆಳಕ್ಕೆ ಹೋದರೆ ಅಷ್ಟು ನೀರು. ಗಟ್ಟಿ ಬಂಡೆಯನ್ನು ಒಮ್ಮೆ ಭೇದಿಸಿದರೆ ಅದರ ಕೆಳಗೆ ಪಾತಾಳಗಂಗೆಯು ಹರಿಯುತ್ತಿರುವುದು ಎಂಬುದೇ ಆ ನಂಬಿಕೆ. ಇದನ್ನು ನೆಚ್ಚಿ ಸಾವಿರ ಅಡಿ ಮೀರಿ ಕೊಳವೆಬಾವಿ ಕೊರೆಯಿಸಿ, ಕಲ್ಲಿನ ಪುಡಿಯನ್ನಲ್ಲದೆ ಬೇರೇನನ್ನೂ ಕಾಣದೆ ಸಾಲಕ್ಕೆ ಗುರಿಯಾದವರುಂಟು. ಇದರ ನಿಜಾಂಶವನ್ನು ತಿಳಿಯಬೇಕಾದರೆ ನಮ್ಮ ಕಾಲ ಕೆಳಗಿನ ಬಂಡೆಯು ಯಾವ ಶಾಖದಲ್ಲಿ, ಯಾವ ಒತ್ತಡದಲ್ಲಿ ಹುಟ್ಟಿತೆಂಬುದನ್ನು ಮೊದಲು ಅರಿಯತಕ್ಕದ್ದು.

ಜಯನಗರಕ್ಕೆ ಸಮೀಪದಲ್ಲಿರುವ ಲಾಲ್‌ಬಾಗಿನ ಬಂಡೆಯನ್ನು ನೋಡದವರು ವಿರಳ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರವಿರುವುದು. ಆದರೆ ಗೋಪುರವನ್ನು ನೋಡಿ ಬರುವವರು ಬಂಡೆಯನ್ನು ನೋಡುವುದಿಲ್ಲ. ಬಗ್ಗಿ ನೋಡಿದರೆ ಬೂದುಬಣ್ಣದ ಮೈಯಲ್ಲಿ ಬಿಳಿಯ ಪಟ್ಟೆಗಳೂ ಕಪ್ಪು ಪಟ್ಟೆಗಳೂ ಒಂದರ ಪಕ್ಕದಲ್ಲೊಂದು ಅಲೆಯಲೆಯಾಗಿ ಮಡಿಚಿಕೊಂಡಿರುವುದು ಕಾಣುವುದು. ಇದಕ್ಕೆ ನೈಸ್ ಶಿಲೆ ಎಂದು ಹೆಸರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ಸ್ಮೀತ್ ಅವರು 1916ರಲ್ಲಿ ಇದನ್ನು ಪೆನಿನ್ಸುಲಾರ್ ನೈಸ್ ಎಂದು ಕರೆದರು. ಆ ಹೆಸರೇ ಇಂದಿಗೂ ಲೋಕದಲ್ಲೆಲ್ಲಾ ರೂಢಿಯಲ್ಲಿರುವುದು. ಇದರ ವಯಸ್ಸು ಸುಮಾರು 300 ಕೋಟಿ ವರ್ಷಗಳು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿರುವರು. ಬಸವನಗುಡಿಯ ಕಹಳೆಬಂಡೆಯೂ ಇದೇ ಮನೆತನಕ್ಕೆ ಸೇರಿದ್ದು.

ಮೇಣದಂತೆ ಮಡಿಚಿಕೊಳ್ಳಬೇಕಾದರೆ ಕಲ್ಲು ಎಷ್ಟು ಕಾದಿರಬೇಕು! ಭೂಮಿಯೊಳಗೆ ಇಳಿದಂತೆಲ್ಲಾ ಶಾಖವು ಹೆಚ್ಚುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯುಂಟು. 2001ರಲ್ಲಿ ಮುಚ್ಚಲ್ಪಟ್ಟ ಕೋಲಾರದ ಚಿನ್ನದ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅದರ ತಳದಲ್ಲಿ ಬಂಡೆಯ ಶಾಖವು ಸುಮಾರು 65 ಡಿಗ್ರಿ ಸೆಂಟಿಗ್ರೇಡಿನಷ್ಟಿದ್ದು, ಕೂಲಿಯವರು ಕೆಲಸ ಮಾಡಬೇಕಾದರೆ ಗಾಳಿಯನ್ನು ಯಂತ್ರದಿಂದ ತಣಿಸಿ ಕಳುಹಿಸಬೇಕಾಗಿತ್ತು. ಎಂದರೆ ಕಿಲೋಮೀಟರಿಗೆ ಸುಮಾರು 12 ಡಿಗ್ರಿ ಏರಿದಂತಾಯಿತು. ಇದು ಇತರ ದೇಶಗಳ ಸಾಮಾನ್ಯ ಏರಿಕೆಯಾದ 25–30 ಡಿಗ್ರಿಗಿಂತ ಬಹಳ ಕಡಿಮೆ. ನಮ್ಮ ನೆಲವು ಮುದಿನೆಲ. ಬಹುಕಾಲದಿಂದ ತಣಿಯುತ್ತಾ ಬಂದಿರುವುದು.

ಭೂಮಿಯ ಒಡಲೆಲ್ಲಾ ಕುದಿಯುವ ಎಸರಿನಂತೆ ಕರಗಿರುವುದೆಂದು ಹಲವರು ಭಾವಿಸುವರು. ಅದು ಸರಿಯಲ್ಲ. ಬೆಂಗಳೂರಿನ ಕೆಳಗೆ ಸುಮಾರು 35 ಕಿಲೋಮೀಟರಿನವರೆಗೆ ಭೂಚಿಪ್ಪು, ಅದರ ಕೆಳಗೆ ಮ್ಯಾಂಟಲ್ ಎಂಬ ದಪ್ಪ ಕವಚ. ಎರಡೂ ಘನವಾದ ಕಲ್ಲುಗಳೇ. ಶಾಖವು ಕಲ್ಲನ್ನು ಕರಗಿಸಲು ನೋಡುವುದು. ಮೇಲಿನ ಭಾರವಾದರೋ ಕರಗಗೊಡದೆ ಅದುಮಿ ಹಿಡಿಯುವುದು. ಒಂದು ಕಿಲೋಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಸುಮಾರು 270 ಕಿಲೋಗ್ರಾಂ. ಹತ್ತು ಕಿಲೋಮೀಟರಿನಲ್ಲಿ ಅದರ ಹತ್ತರಷ್ಟು. ಈ ಹಿಡಿತವು ತಪ್ಪುವುದು ಮುಖ್ಯವಾಗಿ ಮೂರು ಬಗೆಯಿಂದ: ಬಿಸಿಯಾದ ಕಲ್ಲು ಮೇಲಕ್ಕೆ ಸರಿದು ಭಾರವು ಇಳಿದಾಗ, ನೀರಿನ ಅಂಶವು ಒಳಸೇರಿದಾಗ, ಇಲ್ಲವೆ ಕೆಳಗಿನಿಂದ ಹೆಚ್ಚು ಶಾಖ ಬಂದಾಗ. ನೀರಿಲ್ಲದ ಗ್ರಾನೈಟು ಕರಗಲು 950 ಡಿಗ್ರಿಯಷ್ಟು ಬೇಕು. ಒತ್ತಡದಲ್ಲಿ ನೀರು ಬೆರೆತರೆ 650–700 ಡಿಗ್ರಿಯೇ ಸಾಕು. ಹೀಗೆ ಕರಗಿದ ಪಾಕಕ್ಕೆ ಶಿಲಾರಸ ಅಥವಾ ಮ್ಯಾಗ್ಮಾ ಎಂದು ಹೆಸರು. ಅದು ಸುತ್ತಣ ಕಲ್ಲಿಗಿಂತ ಹಗುರವಾದ್ದರಿಂದ ಮೇಲಕ್ಕೇರುವುದು.

ನೈಸ್ ಹುಟ್ಟಿದ ಕಾಲದಲ್ಲಿ ಭೂಮಿಯ ಒಳಶಾಖವು ಈಗಿನದಕ್ಕಿಂತ ಬಹಳ ಹೆಚ್ಚಾಗಿತ್ತು. ಮುಂದೆ, ಸುಮಾರು 250 ಕೋಟಿ ವರ್ಷಗಳ ಹಿಂದೆ, ಮ್ಯಾಂಟಲಿನಿಂದ ಬಂದ ಶಿಲಾರಸವೂ ಅದರ ಶಾಖಕ್ಕೆ ಕರಗಿದ ನೈಸೂ ಬೆರೆತು ಕ್ಲೋಸ್‌ಪೇಟೆ ಗ್ರಾನೈಟು ಮೇಲೆದ್ದಿತು. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಳೆಯ ಹೆಸರು. ರಾಮನಗರದ ಗುಡ್ಡಗಳೂ ಸಾವನದುರ್ಗವೂ ಆ ಗ್ರಾನೈಟೇ. ಅದು ಆಳದಲ್ಲಿ ನಿಧಾನವಾಗಿ ತಣಿದುದರಿಂದ ಅದರ ಹರಳುಗಳು ಹೆಬ್ಬೆರಳಿನಷ್ಟು ದಪ್ಪಕ್ಕೆ ಬೆಳೆದಿರುವುದುಂಟು. ಆಮೇಲೆ, ಸುಮಾರು 237 ಕೋಟಿ ವರ್ಷಗಳ ಹಿಂದೆ, ಬೆಂಗಳೂರು ಸೀಮೆಯ ಬಂಡೆಯು ಸೀಳಿ, ಆ ಸೀಳುಗಳಲ್ಲಿ ಮ್ಯಾಂಟಲಿನ ಕಪ್ಪು ಶಿಲಾರಸವು ನುಗ್ಗಿ ಬೇಗನೆ ಹೆಪ್ಪುಗಟ್ಟಿತು. ಹೊಲಗಳಲ್ಲಿ ಗೋಡೆ ಕಟ್ಟಿದಂತೆ ಉದ್ದಕ್ಕೆ ಓಡುವ ಸಣ್ಣಕಣದ ಕರಿಕಲ್ಲಿನ ಸಾಲು ಇದೇ. ಇದಕ್ಕೆ ಡೈಕ್ ಎನ್ನುವರು.

ಈಗ ನಮ್ಮ ಕೆಳಗೆ ಕರಗಿದ ರಸವುಂಟೇ? ಕೋಲಾರದ ಲೆಕ್ಕವನ್ನೇ ಹಿಡಿದು 35 ಕಿಲೋಮೀಟರಿಗೆ ಗುಣಿಸಿದರೂ ಚಿಪ್ಪಿನ ತಳದ ಶಾಖವು 450 ಡಿಗ್ರಿಯ ಆಸುಪಾಸಿಗೆ ಬರುವುದೇ ಹೊರತು 650ಕ್ಕೆ ಮುಟ್ಟದು. ಆದ್ದರಿಂದ ಆ ಭಯವು ಬೇಡ.

ಇನ್ನು ನೀರಿನ ಮಾತು. ಹೆಪ್ಪುಗಟ್ಟಿದ ಹರಳುಗಳು ಒಂದನ್ನೊಂದು ಕಚ್ಚಿಕೊಂಡಿರುವುದರಿಂದ ಇಂಥ ಕಲ್ಲಿನ ಮೈಯಲ್ಲಿ ನೀರು ನಿಲ್ಲಲು ಎಡೆಯಿಲ್ಲ. ಇದು ಮರಳಿನ ನೆಲವಲ್ಲ. ಆದರೆ ಕಿಲೋಮೀಟರುಗಟ್ಟಲೆ ಮೇಲ್ಮೈಯನ್ನು ಮಳೆಗಾಳಿಗಳು ಸವೆಸಿ ಒಯ್ದುದರಿಂದ, ಅದುಮಿದ್ದ ಭಾರವು ತಪ್ಪಿ ಬಂಡೆಯು ಉಬ್ಬಿ ಹಾಸುಹಾಸಾಗಿ ಬಿರಿದಿರುವುದು. ನಮ್ಮ ಕಲ್ಲುಕುಟಿಗರು ಶಾಸ್ತ್ರವನ್ನು ಓದದೆಯೇ ಇದನ್ನು ಬಲ್ಲವರು. ಬೆಂಗಳೂರಿನ ಸುತ್ತ ಅವರು ಸೌದೆಯ ಬೆಂಕಿಯನ್ನು ಬಂಡೆಯ ಮೇಲೆ ಮೆಲ್ಲನೆ ಸರಿಸುತ್ತಾ, ಸುತ್ತಿಗೆಯಿಂದ ತಟ್ಟಿ ದನಿಯನ್ನು ಕೇಳುತ್ತಾ, ಚಪ್ಪಡಿಯನ್ನು ಮುರಿಯದೆ ಎಬ್ಬಿಸುತ್ತಿದ್ದರು. ಆ ಬಿರುಕುಗಳಲ್ಲಿಯೂ, ಅವುಗಳ ಮೇಲೆ ಕೊಳೆತ ಬಂಡೆಯಿಂದಾದ ಗರಸಿನಲ್ಲಿಯೂ ನಮ್ಮ ನೀರೆಲ್ಲ ಇರುವುದು. ಆಳಕ್ಕೆ ಹೋದಂತೆ ಮೇಲಿನ ಭಾರದಿಂದ ಬಿರುಕುಗಳು ಮುಚ್ಚಿಕೊಳ್ಳುವುವು. ಎಲ್ಲಿಯೋ ಒಂದೆಡೆ ಆಳದಲ್ಲಿ ಬಿರುಕು ಸಿಕ್ಕುವುದಾದರೂ ಅದು ಅದೃಷ್ಟದ ಮಾತು. ಅದರ ನೀರೂ ಮೇಲಿನಿಂದ ಇಳಿದ ಮಳೆಯ ನೀರೇ. ಬಂಡೆಯ ಕೆಳಗೆ ಇರುವುದು ಇನ್ನಷ್ಟು ಬಂಡೆ, ಇನ್ನಷ್ಟು ಶಾಖ.

ಆದಕಾರಣ ಭೂಮಾಲೀಕರು ದಿಣ್ಣೆಯ ಬೋಳುಬಂಡೆಯ ಸಮೀಪವನ್ನು ಬಿಟ್ಟು, ಗರಸು ದಪ್ಪವಾಗಿರುವ ತಗ್ಗಿನಲ್ಲಿ ಬಾವಿಗೆ ಸ್ಥಳವನ್ನು ಗೊತ್ತುಮಾಡತಕ್ಕದ್ದು. ಮಡಿವಾಳ, ಸಾರಕ್ಕಿ, ಯಡಿಯೂರು ಮೊದಲಾದ ಕೆರೆಗಳನ್ನು ಹಿಂದಿನವರು ತಗ್ಗುಗಳಲ್ಲಿ ಕಟ್ಟಿಸಿದುದರಿಂದ ಕೆಳಗಿನ ಬಾವಿಗಳಿಗೂ ಒರತೆಯು ದೊರೆಯುತ್ತಿತ್ತು. ಹೊಲದಲ್ಲಿ ಕರಿಕಲ್ಲಿನ ಸಾಲು ಅಡ್ಡಲಾಗಿದ್ದರೆ, ಅದು ಬಿರುಕಿಲ್ಲದೆ ಗಟ್ಟಿಯಾಗಿದ್ದಲ್ಲಿ ನೆಲದೊಳಗಿನ ನೀರಿಗೆ ಕಟ್ಟೆಯಂತಾಗುವುದು. ಅಲ್ಲಿ ಇಳಿಜಾರಿನ ಮೇಲುಮಗ್ಗುಲನ್ನು ಆರಿಸುವುದು ಲೇಸು. ಕೊಳವೆ ಇಳಿಸುವಾಗ ಹತ್ತು ಹತ್ತು ಅಡಿಗೆ ಬಂದ ಪುಡಿಯನ್ನು ಬೇರೆ ಬೇರೆ ಗುಡ್ಡೆಯಾಗಿಟ್ಟು ನೋಡಿರಿ. ಕಂದುಬಣ್ಣವು ಕಳೆದು ಬೂದುಬಣ್ಣದ ಒಣಪುಡಿಯೇ ನೂರಾರು ಅಡಿ ಬರುತ್ತಿದ್ದರೆ, ಕೊರೆಯುವವನ ಮಾತಿಗೆ ಮರುಳಾಗದೆ ನಿಲ್ಲಿಸಿರಿ. ಗುರುತಿಸಲ್ಪಟ್ಟ ಪ್ರದೇಶಗಳಲ್ಲಿ 2011ರ ಅಂತರ್ಜಲ ಕಾಯಿದೆಯ ಮೇರೆಗೆ ಅಪ್ಪಣೆಯನ್ನು ಪಡೆದೇ ಕೆಲಸಕ್ಕೆ ತೊಡಗತಕ್ಕದ್ದು. ಮಿಕ್ಕ ಹಣವನ್ನು ಬದು ಹಾಕಿಸುವುದಕ್ಕೂ ಕೆರೆಯ ಕಾಲುವೆಗಳ ಹೂಳು ತೆಗೆಯಿಸುವುದಕ್ಕೂ ವಿನಿಯೋಗಿಸಿದರೆ, ಮುಂದಿನ ಮಳೆಗಾಲದಲ್ಲಿಯೇ ನೀರು ಗರಸಿಗೆ ಇಳಿಯುವುದು.